ಬದುವಿನ ಬೊಡ್ಡೆ ಕೀಳದೆ ಟ್ರೈಕೋಡರ್ಮಾ ಹಾಕಿದ್ರೆ ಏನು ಬಂತು?



ಈ ತಿಂಗಳು ನನಗೆ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಅಣ್ಣ, ತೆಂಗಿನ ಬುಡದಲ್ಲಿ ಕೆಂಪು ನೀರು ಸೋರ್ತಾ ಇದೆ, ಕೆಳಗಿನ ಗರಿ ಜೋತು ಬಿದ್ದಿದೆ, ಯಾವ ಕಂಪನಿ ಟ್ರೈಕೋಡರ್ಮಾ ಹಾಕ್ಲಿ?" ಫೋನಲ್ಲಿ ಪೂರ್ತಿ ಹೇಳೋಕೆ ಆಗಲ್ಲ, ಅರ್ಧ ಹೇಳಿದ್ರೆ ಅರ್ಧ ಕೇಳಿಸ್ಕೊಂಡು ಅಂಗಡಿಗೆ ಹೋಗ್ತೀರ. ಅದಕ್ಕೆ ಉದ್ದಕ್ಕೆ ಬರೀತಾ ಇದೀನಿ. ಪುರುಸೊತ್ತಾಗಿ ಓದಿ.

ಮೊದಲು ಉತ್ತರ ಹೇಳಿಬಿಡ್ತೀನಿ. ಬುಡದಲ್ಲಿ ಸೋರ್ತಾ ಇದ್ದು, ಗರಿ ಕೊಡೆ ಮಡಚಿದ ಹಾಗೆ ಕಾಂಡಕ್ಕೆ ಅಂಟಿಕೊಂಡು ಜೋತಿದ್ರೆ ಆ ಮರಕ್ಕೆ ಯಾವ ಕಂಪನಿದೂ ಬೇಡ. ಆ ದುಡ್ಡನ್ನ ಅದರ ಸುತ್ತ ಚೆನ್ನಾಗಿರೋ ಮರಗಳಿಗೆ ಹಾಕಿ. ಮತ್ತೆ ಅದಕ್ಕಿಂತ ಮುಂಚೆ ಗುದ್ದಲಿ ಹಿಡೀರಿ. ನನ್ನ ಅಭಿಪ್ರಾಯ ಇಷ್ಟೇ. ಇದು ಯಾಕೆ ಅಂತ ಗೊತ್ತಾಗೋಕೆ ನಾನು ಒಂಬತ್ತು ಮರ ಕಳ್ಕೊಂಡೆ.

ನಮ್ಮ ತಿಪಟೂರು ಅರಸೀಕೆರೆ ಸೀಮೆಯವರಿಗೆ ಅಣಬೆ ರೋಗ ಹೊಸದಲ್ಲ. ಗ್ಯಾನೋಡರ್ಮ ಅನ್ನೋ ಶಿಲೀಂಧ್ರ ಅದು. ನೆಲದೊಳಗೆ ಬೇರು ತಿಂದು, ಬೇರಿಂದ ಬೊಡ್ಡೆಗೆ ಬಂದು, ಬೊಡ್ಡೆ ಒಳಗೆಲ್ಲಾ ಹಿಟ್ಟು ಮಾಡಿ, ಕೊನೆಗೆ ಹೊರಗಡೆ ಕಂದುಗೆಂಪು ಅಣಬೆ ಬಿಡುತ್ತೆ. ಮೇಲೆ ಎಣ್ಣೆ ಸವರಿದ ಹಾಗೆ ಹೊಳೀತಿರುತ್ತೆ, ಅಂಚು ಬೆಳ್ಳಗೆ. ನಾವು ಅಣಬೆ ಕಂಡಾಗ "ರೋಗ ಬಂತು" ಅಂತೀವಿ. ನಿಜ ಏನಂದ್ರೆ ಅಣಬೆ ಕಾಣೋ ಹೊತ್ತಿಗೆ ರೋಗ ತನ್ನ ಕೆಲಸ ಮುಗಿಸಿರುತ್ತೆ. ಅದು ಬರೋ ಮುಂಚೆ ಹರಳು ಉದುರುತ್ತೆ, ಹೊಂಬಾಳೆ ಸಣ್ಣಗಾಗುತ್ತೆ, ಕೆಳಗಿನ ಗರಿ ಹಳದಿ ತಿರುಗುತ್ತೆ. ಆಗ ನಾವು "ನೀರು ಸಾಲ್ದು" ಅಂತ ಇನ್ನೊಂದು ಗಂಟೆ ಮೋಟ್ರು ಬಿಡ್ತೀವಿ. ಆ ನೀರು ರೋಗದ ಪಾತಿಯಿಂದ ಮುಂದಿನ ಪಾತಿಗೆ ಹರಿಯುತ್ತೆ.

ಒಂದು ಮಾತು ಇಲ್ಲೇ ಹೇಳ್ಬೇಕು. ಕಾಂಡದಲ್ಲಿ ರಸ ಸೋರಿದ್ದೆಲ್ಲಾ ಅಣಬೆ ರೋಗ ಅಲ್ಲ. ಬುಡದಿಂದ ಮೇಲಕ್ಕೆ ಕಾಂಡದಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟು ರಸ ಸೋರೋ ರೋಗ ಬೇರೆ ಇದೆ, ಅದನ್ನ ತರೋ ಶಿಲೀಂಧ್ರಾನೂ ಬೇರೆ. ಅದರಲ್ಲಿ ಕೊಳೆತ ಭಾಗ ಉಳೀಲಿ ಕೆತ್ತಿ ತೆಗೆದು ಟ್ರೈಕೋಡರ್ಮಾನ ನೀರಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿದ್ರೆ ಮರ ಉಳಿಯೋದು ಉಂಟು. ನಾನೇ ಎರಡು ಮರಕ್ಕೆ ಮಾಡಿದೀನಿ, ಎರಡೂ ಇವತ್ತು ಕಾಯಿ ಬಿಡ್ತಾ ಇವೆ. ಅದನ್ನ ನೋಡಿದೋರು ಅಣಬೆ ರೋಗಕ್ಕೂ ಹಂಗೇ ಮೆತ್ತೋಕೆ ಹೋಗ್ತಾರೆ. ಗೊತ್ತಾಗ್ಲಿಲ್ಲ ಅಂದ್ರೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರಿಗೆ ಫೋಟೋ ತೋರಿಸಿ, ಆಮೇಲೆ ಖರ್ಚು ಮಾಡಿ.

ಈಗ ನನ್ನ ಕಥೆ. ಬಾವಿ ಹತ್ರ ನಮ್ಮಮ್ಮ ನೆಟ್ಟ ಮರ ಒಂದಿತ್ತು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೇಲಿ ಆ ಮರದ ಕಾಯೀನೇ ಹಬ್ಬಕ್ಕೆ ಕಳಸಕ್ಕೆ ಇಡ್ತಿದ್ದಿದ್ದು. 2018ರಲ್ಲಿ ಅದರ ಬುಡದಲ್ಲಿ ಸೋರೋಕೆ ಶುರುವಾಯ್ತು. ಕಡೀರಿ ಅಂತ ಆಫೀಸಿನವರು ಹೇಳಿದ್ರು. ನನಗೆ ಮನಸ್ಸು ಬರ್ಲಿಲ್ಲ. ಅಂಗಡಿಗೆ ಹೋಗಿ ಟ್ರೈಕೋಡರ್ಮಾ ಪ್ಯಾಕೆಟ್ ತಂದೆ. ಮಾರ್ಚ್ ತಿಂಗಳು, ಪಾತಿ ಒಣಗಿ ಬಿರುಕು ಬಿಟ್ಟಿತ್ತು. ಬಕೆಟ್ ನೀರಿಗೆ ಕದಡಿ ಸುರಿದೆ. ಅದೇ ವಾರ ಯಾರೋ ಹೇಳಿದ್ರು ಅಂತ ಮೈಲುತುತ್ತ ಸುಣ್ಣದ ದ್ರಾವಣಾನೂ ಅದೇ ಪಾತಿಗೆ ಸುರಿದೆ. ಹೋದ ತಿಂಗಳು ಹಾಕಿದ್ದು ಕೆಲಸ ಮಾಡ್ಲಿಲ್ಲ ಅಂತ ಇನ್ನೊಂದು ಪ್ಯಾಕೆಟ್. ಎರಡು ವರ್ಷ ಹೀಗೇ ನಡೀತು. ಆಮೇಲೆ ಒಂದಿನ ಖಾಲಿ ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಅದರ ಅವಧಿ ನಾನು ತಂದ ದಿನಕ್ಕೇ ಮುಗಿದು ನಾಲ್ಕು ತಿಂಗಳಾಗಿತ್ತು. ಬಿಸಿಲಿಗೆ ಶೀಟಿನ ಕೆಳಗೆ ಇಟ್ಟಿದ್ದ ಅಂಗಡಿ ಅದು. ಅಂಗಡಿಯವನನ್ನ ಬೈದು ಏನು ಪ್ರಯೋಜನ, ಓದದೆ ತಂದವನು ನಾನು.

2020ರಲ್ಲಿ ಮರ ಕಡಿಸಿದಾಗ ಬೊಡ್ಡೆ ಒಳಗೆ ಕೈ ಹಾಕಿದ್ರೆ ನೆನೆದ ರಟ್ಟಿನ ಥರ ಬಂತು. ಆ ಎರಡು ವರ್ಷದಲ್ಲಿ ಸುತ್ತ ಇದ್ದ ನಾಲ್ಕು ಮರಕ್ಕೆ ಹತ್ಕೊಂಡಿತ್ತು. ಅಮ್ಮನ ಮರ ಒಂದು ಉಳಿಸ್ಕೊಳ್ಳೋಕೆ ಹೋಗಿ ಐದು ಕಡಿಸ್ದೆ.

ಟ್ರೈಕೋಡರ್ಮಾ ಅಂದ್ರೆ ಏನು ಅಂತ ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಯಾವ ತರಬೇತೀನೂ ಅಲ್ಲ, ನಮ್ಮ ನಾದಿನಿ. ಅವರು ಸ್ವಸಹಾಯ ಸಂಘದಿಂದ ಮನೆ ಹಿಂದೆ ಶೆಡ್ಡಲ್ಲಿ ಚಿಪ್ಪು ಅಣಬೆ ಬೆಳೀತಿದ್ರು. ಒಂದ್ಸಲ ಹೋದಾಗ ಚೀಲ ಎಲ್ಲಾ ತೆಗೆದು ಆಚೆ ಎಸೀತಿದ್ರು. ಹುಲ್ಲಿನ ಮೇಲೆ ಬೆಳ್ಳಗೆ ಹರಡಬೇಕಾದ್ದು ಹಸಿರು ಪುಡಿ ಆಗಿತ್ತು. "ಏನಮ್ಮ ಇದು" ಅಂದೆ. "ಹಸಿರು ಬೂಷ್ಟು ಭಾವ, ಇದು ಬಂದ್ರೆ ಅಣಬೆ ಮುಗೀತು, ಟ್ರೈಕೋಡರ್ಮಾ ಅಂತಾರೆ" ಅಂದ್ರು. ನಾನು ಅಲ್ಲೇ ನಿಂತುಬಿಟ್ಟೆ. ಅವರ ಶೆಡ್ಡಿಗೆ ಶತ್ರು ಯಾವುದೋ ಅದನ್ನೇ ನಾನು ದುಡ್ಡು ಕೊಟ್ಟು ತರ್ತಾ ಇದೀನಿ. ನಮ್ಮ ತೋಟದ ರೋಗಾನೂ ಒಂದು ಅಣಬೇನೇ ತಾನೆ. (ಅಂದ ಹಾಗೆ, ಅಣಬೆ ಬೆಳೆಯೋ ಶೆಡ್ಡಿನ ಹತ್ರ ಟ್ರೈಕೋಡರ್ಮಾ ಗೊಬ್ಬರ ಮಾಡಬೇಡಿ. ಮನೇಲಿ ಜಗಳ ಆಗುತ್ತೆ.)

ಅದರ ಕೆಲಸ ಹೀಗೆ. ಟ್ರೈಕೋಡರ್ಮಾ ಎಳೆ ಮಣ್ಣಲ್ಲಿ ಹರಡ್ತಾ ಹೋಗಿ ಬೇರೆ ಶಿಲೀಂಧ್ರದ ಎಳೆ ಸಿಕ್ಕಿದ್ರೆ ಅದಕ್ಕೆ ಬಳ್ಳಿ ಥರ ಸುತ್ಕೊಳ್ಳುತ್ತೆ. ಆಮೇಲೆ ಕೆಲವು ಕಿಣ್ವ ಬಿಟ್ಟು ಅದರ ಗೋಡೆ ಕರಗಿಸಿ ಒಳಗಿರೋದನ್ನ ಹೀರುತ್ತೆ. ಜೊತೆಗೆ ಬೇರಿನ ಸುತ್ತ ಜಾಗ, ಊಟ ಎರಡನ್ನೂ ತಾನೇ ಆಕ್ರಮಿಸ್ಕೊಂಡು ಬೇರೆಯವರಿಗೆ ಬಿಡಲ್ಲ. ಇದು ಇವತ್ತಿನ ಕಂಪನಿಯವರು ಕಂಡು ಹಿಡಿದಿದ್ದಲ್ಲ. ಅಮೆರಿಕದಲ್ಲಿ ವೈಂಡ್ಲಿಂಗ್ ಅನ್ನೋ ವಿಜ್ಞಾನಿ 1932ರಲ್ಲೇ ಟ್ರೈಕೋಡರ್ಮಾ ಬೇರೆ ಶಿಲೀಂಧ್ರಾನ ತಿನ್ನುತ್ತೆ ಅಂತ ತೋರಿಸಿದ್ರು. ನಮ್ಮ ಮಣ್ಣಲ್ಲೂ ಅದು ಸ್ವಲ್ಪ ಇದ್ದೇ ಇರುತ್ತೆ. ನಾವು ಮಾಡೋದು ಅದರ ಸಂಖ್ಯೆ ಜಾಸ್ತಿ ಮಾಡೋದು, ಅಷ್ಟೆ.

ಆದ್ರೆ ಒಂದು ಗಮನಿಸಿ. ಅದು ಕೆಲಸ ಮಾಡೋದು ಮಣ್ಣಲ್ಲಿ, ಬೇರಿನ ಹೊರಗೆ. ಆಗಲೇ ಬೊಡ್ಡೆ ಒಳಗೆ ಸೇರಿ ನಾಲ್ಕಡಿ ತಿಂದಿರೋ ಗ್ಯಾನೋಡರ್ಮನ ಅದು ಹುಡ್ಕೊಂಡು ಹೋಗಿ ಹಿಡಿಯಲ್ಲ. ಬಾಗಿಲು ಕಾಯೋ ನಾಯಿನ ಕಳ್ಳ ಒಳಗೆ ಹೋದ ಮೇಲೆ ತಂದು ಕಟ್ಟಿದ್ರೆ ಏನು ಮಾಡುತ್ತೆ?

ಇನ್ನೊಂದು, ಅದು ಔಷಧಿ ಅಲ್ಲ, ಹೆಪ್ಪು. ಮೊಸರಿಗೆ ಹೆಪ್ಪು ಹಾಕೋ ಹಾಗೆ. ಕುದಿಯೋ ಹಾಲಿಗೆ ಹಾಕಿದ್ರೆ ಸಾಯುತ್ತೆ, ಖಾಲಿ ಪಾತ್ರೆಗೆ ಹಾಕಿದ್ರೆ ಒಣಗುತ್ತೆ. ಹಾಲು ಇರ್ಬೇಕು, ಉಗುರು ಬೆಚ್ಚಗೆ ಇರ್ಬೇಕು, ಮುಚ್ಚಿಡ್ಬೇಕು. ಟ್ರೈಕೋಡರ್ಮಾಗೆ ಹಾಲು ಅಂದ್ರೆ ಕೊಟ್ಟಿಗೆ ಗೊಬ್ಬರ. ಗೊಬ್ಬರ ಇಲ್ಲದ ಒಣ ಪಾತಿಗೆ ಪುಡಿ ಉದುರಿಸಿದ್ರೆ ಅದು ಬರೀ ಪುಡಿ.

ನಾನು ಈಗ ಮಾಡೋ ಕ್ರಮ ಹೇಳ್ತೀನಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಟ್ರೈಕೋಡರ್ಮಾ 1 ಕೆಜಿ. ಹಸಿ ಸಗಣಿ ಬೇಡ, ಅದು ಕಾವು ಬರುತ್ತೆ, ಕಾವಿಗೆ ಸಾಯುತ್ತೆ. ಹುಣಸೆ ಮರದ ನೆರಳಲ್ಲಿ ಹರಡಿ, ಮುಷ್ಟಿ ಹಿಂಡಿದ್ರೆ ಉಂಡೆ ಆಗ್ಬೇಕು ಆದ್ರೆ ನೀರು ತೊಟ್ಟಿಕ್ಕಬಾರದು, ಅಷ್ಟು ತೇವ ಮಾಡಿ ಗುಡ್ಡೆ ಹಾಕ್ತೀನಿ. ಮೇಲೆ ನೆನೆಸಿದ ಗೋಣಿ ಚೀಲ ಹೊದಿಸ್ತೀನಿ. ಮೂರು ನಾಲ್ಕು ದಿನಕ್ಕೊಂದ್ಸಲ ಕೆದಕಿ, ಒಣಗಿದ್ರೆ ನೀರು ಚಿಮುಕಿಸಿ ಮತ್ತೆ ಮುಚ್ಚೋದು. ಹದಿನೈದು ಇಪ್ಪತ್ತು ದಿನಕ್ಕೆ ಮೇಲೆಲ್ಲಾ ಬೆಳ್ಳಗೆ, ಅದರ ಮೇಲೆ ಹಸಿರು ಬರುತ್ತೆ. ಮಣ್ಣಿನ ಘಮ ಬರ್ಬೇಕು. ಗಬ್ಬು ವಾಸನೆ ಬಂದ್ರೆ ನೀರು ಜಾಸ್ತಿ ಆಗಿದೆ, ಹರಡಿ ಆರಿಸಿ. ಹಸಿರು ಬಂದಿದ್ದೆಲ್ಲಾ ಟ್ರೈಕೋಡರ್ಮಾ ಅಲ್ಲ, ಹಳೇ ರೊಟ್ಟಿ ಮೇಲೂ ಹಸಿರು ಬೂಷ್ಟು ಬರುತ್ತೆ. ಅದಕ್ಕೇ ಹೆಪ್ಪು ಒಳ್ಳೇದು ತರ್ಬೇಕು ಅನ್ನೋದು. ಪ್ಯಾಕೆಟ್ ಮೇಲೆ ತಯಾರಾದ ದಿನ ನೋಡಿ, ಒಂದು ಗ್ರಾಮಿಗೆ ಕಡಿಮೆ ಅಂದ್ರೂ 20 ಲಕ್ಷ ಜೀವಾಣು ಇರ್ಬೇಕು ಅನ್ನೋದು ಕಾನೂನಿನ ಲೆಕ್ಕ, ಅದು ಬರೆದಿದೆಯಾ ನೋಡಿ. ಆದಷ್ಟೂ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಕ್ಕಿದ್ರೆ ಅಲ್ಲಿಂದ ತನ್ನಿ. ತಂದ ಮೇಲೆ ಟ್ರ್ಯಾಕ್ಟರ್ ಡಬ್ಬದಲ್ಲಿ ಬಿಸಿಲಿಗೆ ಇಡಬೇಡಿ.

ಮೃಗಶಿರಾ ಮಳೆ ಬಿದ್ದು ಪಾತಿ ನೆಂದ ಮೇಲೆ ಒಂದ್ಸಲ, ಹಸ್ತ ಮಳೆ ಹೊತ್ತಿಗೆ ಇನ್ನೊಂದ್ಸಲ. ಬುಡದಿಂದ ಆರಡಿ ಒಳಗೇ ಹೆಚ್ಚಿನ ಬೇರು ಇರೋದು, ಆ ಸುತ್ತಳತೇಲಿ ಮೇಲ್ಮಣ್ಣು ಕೆದಕಿ ಎರಡು ಮಂಕರಿ ಹಾಕಿ ಮಣ್ಣು ಮುಚ್ಚಿ, ಮೇಲೆ ಗರಿ ಸೋಗೆ ಹೊದಿಸ್ತೀನಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮರಕ್ಕೆ ವರ್ಷಕ್ಕೆ 5 ಕೆಜಿ ಬೇವಿನ ಹಿಂಡಿಗೆ ಟ್ರೈಕೋಡರ್ಮಾ ಬೆರೆಸಿ ಹಾಕಿ ಅಂತಾರೆ. ಹಿಂಡಿ ಬೆಲೆ ನೋಡಿ ನಾನು ಹಿಂಡಿ ಕಡಿಮೆ ಮಾಡಿ ಗೊಬ್ಬರ ಜಾಸ್ತಿ ಮಾಡ್ಕೊಂಡಿದೀನಿ. ಕೈಲಾಗೋರು ಅವರು ಹೇಳಿದ ಹಾಗೇ ಹಾಕಿ. ಬೋರ್ಡೋ ದ್ರಾವಣ ಪಾತಿಗೆ ಸುರಿದಿದ್ರೆ ಒಂದು ತಿಂಗಳು ಬಿಟ್ಟು ಹಾಕಿ. ತಾಮ್ರ ಒಳ್ಳೆ ಶಿಲೀಂಧ್ರ ಕೆಟ್ಟ ಶಿಲೀಂಧ್ರ ಅಂತ ನೋಡಲ್ಲ. ರೋಗ ಈಗ ತಾನೇ ಶುರು ಅನ್ನೋ ಮರಕ್ಕೆ ಬೇರಿನ ಮೂಲಕ ಔಷಧಿ ಕೊಡೋ ಪದ್ಧತೀನೂ ಇದೆ, ಅದನ್ನ ಪ್ರಮಾಣ ಕೇಳಿ ತಿಳ್ಕೊಂಡೇ ಮಾಡಿ. ಕಾಯಿ ಕಿತ್ತ ಮೇಲೆ ಕೊಡ್ಬೇಕು, ಕೊಟ್ಟ ಮೇಲೆ ಒಂದೂವರೆ ತಿಂಗಳು ಆ ಮರದ ಎಳನೀರು ಕಾಯಿ ಮುಟ್ಟಬಾರದು.

ಮಲೆನಾಡಿನ ಕಡೆ ಸ್ನೇಹಿತರು ಅಡಿಕೆ ಕೊಳೆ ರೋಗಕ್ಕೆ ಇದು ಆಗುತ್ತಾ ಅಂತ ಕೇಳ್ತಾರೆ. ಅದು ಮಳೇಲಿ ಗೊನೆಗೆ ಬರೋ ರೋಗ, ಬೇರಿಂದಲ್ಲ. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರು ನೂರು ವರ್ಷದ ಹಿಂದೆ ಹೇಳಿಕೊಟ್ಟ ಬೋರ್ಡೋನೇ ಅಲ್ಲಿ ಈಗಲೂ ಆಧಾರ. ಮಣ್ಣಿನ ಹೆಪ್ಪು ನಂಬಿ ಗೊನೆಗೆ ಹೊಡಿಯೋದು ಬಿಡಬೇಡಿ.

ಈಗ ಗುದ್ದಲಿ ವಿಷಯ. ಅಮ್ಮನ ಮರ ಕಡಿದ ಜಾಗದಲ್ಲಿ ನಾನು ಬೊಡ್ಡೆ ಬುಡಸಮೇತ ಕೀಳಿಸ್ದೆ. ಜೆಸಿಬಿ ತರಿಸಿ ಬೇರಿನ ಗೆಡ್ಡೆ ಪೂರ್ತಿ ತೆಗೆದು, ಸಿಕ್ಕ ಬೇರೆಲ್ಲಾ ಆರಿಸಿ ಅಲ್ಲೇ ಸುಟ್ಟೆ. ರೋಗದ ಮರಗಳ ಗುಂಪಿನ ಸುತ್ತ, ಬುಡದಿಂದ ಆರಡಿ ಬಿಟ್ಟು, ಮೂರಡಿ ಆಳ ಒಂದೂವರೆ ಅಡಿ ಅಗಲ ಚರಂಡಿ ತೆಗೆಸ್ದೆ. ಅದರ ಆಚೆ ಇರೋ ಇಪ್ಪತ್ತು ಮರಕ್ಕೆ ವರ್ಷಕ್ಕೆ ಎರಡು ಸಲ ಟ್ರೈಕೋಡರ್ಮಾ ಗೊಬ್ಬರ. ನೀರು ಹಾಯಿಸೋದು ಬಿಟ್ಟು ಡ್ರಿಪ್ ಹಾಕ್ಸಿದೆ. 2022ರಲ್ಲಿ ಒಂದು ಮರ ಹೋಯ್ತು, ಅದು ಚರಂಡಿ ತೆಗೆಯೋ ಮುಂಚೇನೇ ಹತ್ಕೊಂಡಿದ್ದು ಅಂತ ನನ್ನ ಲೆಕ್ಕ. ಅಲ್ಲಿಂದ ಈಚೆ ಆ ಕಡೆ ಒಂದು ಮರಾನೂ ಹೋಗಿಲ್ಲ.

ಬದುವಿನ ಕಡೆ ಬನ್ನಿ. ಅದೇ ಟ್ರೈಕೋಡರ್ಮಾ, ಅದೇ ಗುಡ್ಡೆ ಗೊಬ್ಬರ, ಅದೇ ದಿನ ಹಾಕಿದ್ದು. ಆ ಕಡೆ ಮೂರು ಮರ ಹೋಯ್ತು. ಮಧ್ಯೆ ಹಾಕಿದ್ದ ಅಡಿಕೆ ಸಸಿಲೂ ಬುಡದಲ್ಲಿ ಅಣಬೆ ಬಂತು. ಅಡಿಕೆಗೂ ಇದೇ ರೋಗ ಹತ್ತುತ್ತೆ ಅನ್ನೋದು ಮರೀಬೇಡಿ. ತೆಂಗಿನ ಮಧ್ಯೆ ಅಡಿಕೆ ತುಂಬಿಸಿದೋರು ಒಂದು ಮರದಿಂದ ಇನ್ನೊಂದು ಮರಕ್ಕೆ ರೋಗಕ್ಕೆ ಸೇತುವೆ ಕಟ್ಟಿದ ಹಾಗೆ. ನಾನೂ ಕಟ್ಟಿದೀನಿ. ಕಿತ್ತ ಜಾಗದಲ್ಲಿ ಈಗ ಬಾಳೆ ಹಾಕಿದೀನಿ.

ವ್ಯತ್ಯಾಸ ಇಷ್ಟೇ, ಬದುವಿನ ಕಡೆ ಬೊಡ್ಡೆ ಕಿತ್ತಿಲ್ಲ, ಚರಂಡಿ ತೆಗೆದಿಲ್ಲ. ಇದು ಪ್ರಯೋಗ ಅಲ್ಲ, ಒಂದು ತೋಟದ ಎರಡು ಮೂಲೆ ಅಷ್ಟೆ. ಆದ್ರೂ ನನ್ನ ಕಣ್ಣಿಗೆ ಕಂಡಿದ್ದು ಇದು.

ಯಾಕೆ ಕಿತ್ತಿಲ್ಲ ಅಂದ್ರೆ ಆ ಬೊಡ್ಡೆ ನಂದಲ್ಲ. ಪಕ್ಕದ ತೋಟ ನಮ್ಮ ದೊಡ್ಡಪ್ಪನ ಮಗ ಅಣ್ಣಂದು. ಅಪ್ಪ ದೊಡ್ಡಪ್ಪ ಭಾಗ ಆದಾಗ ಪಾಲುಪಟ್ಟಿಲಿ ಚಕ್ಬಂದಿ ಬರೆಸಿದ್ದು "ಪೂರ್ವಕ್ಕೆ ಬದುವಿನ ತೆಂಗಿನ ಮರ" ಅಂತ. ಆ ಮರ 2021ರಲ್ಲಿ ಅಣಬೆ ರೋಗಕ್ಕೇ ಹೋಯ್ತು. ಕಾಂಡ ಕೊಯ್ದು ಮಾರಿದ್ರು, ಬೊಡ್ಡೆ ಬಿಟ್ರು. ಅದನ್ನ ಕಿತ್ರೆ ಗುರುತು ಹೋಗುತ್ತೆ, ನಾಳೆ ನಾನು ಎರಡು ಅಡಿ ಒತ್ತಿದ್ರೆ ಯಾರು ಸಾಕ್ಷಿ ಅಂತ ಅವರ ಅನುಮಾನ. ನಾನೇ ಕೀಳಿಸ್ತೀನಿ ಅಂದ್ರೆ ಅನುಮಾನ ಇನ್ನೂ ಜಾಸ್ತಿ. ಹಂಗಾಗಿ ನಾಲ್ಕು ವರ್ಷದಿಂದ ಆ ಬೊಡ್ಡೆ ನಿಂತಿದೆ, ಪ್ರತಿ ಮಳೆಗಾಲ ಅಣಬೆ ಬಿಡುತ್ತೆ, ಅವರ ಕಡೆ ಎರಡು ನಮ್ಮ ಕಡೆ ಮೂರು ಮರ ನುಂಗಿದೆ. ಜಮೀನಿನ ಗಡಿ ನೆಲದ ಮೇಲೆ ಇದೆ, ನೆಲದ ಕೆಳಗೆ ಅವರ ಬೇರು ನಮ್ಮ ಬೇರು ಒಂದೇ ಜಾಗದಲ್ಲಿ ಹೆಣ್ಕೊಂಡಿದೆ.

ಇದನ್ನ ಬರೆಯೋ ಮುಂಚೆ ಅಣ್ಣನ ಹತ್ರ ಹೋಗಿ ಕೇಳ್ದೆ. ಜಗಲಿ ಮೇಲೆ ಕಾಯಿ ಸುಲೀತಿದ್ರು. "ಅಣ್ಣ, ಬೊಡ್ಡೆ ವಿಷಯ ಬರೀತೀನಿ, ಬೇಜಾರು ಮಾಡ್ಕೋಬೇಡ" ಅಂದೆ. ತಲೆ ಎತ್ತದೆ "ಬರಿ ಬರಿ. ಆದ್ರೆ ಚಿಕ್ಕಮ್ಮನ ಮರಾನ ಎರಡು ವರ್ಷ ಇಟ್ಕೊಂಡಿದ್ಯಲ್ಲಾ, ಅದನ್ನೂ ಬರಿ. ಆ ರೋಗ ನಮ್ಮ ಕಡೆ ಬಂದಿದ್ದು ಎಲ್ಲಿಂದ ಅಂತ ಯಾರಿಗೆ ಗೊತ್ತು" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅದಕ್ಕೇ ಮೇಲೆ ಅದನ್ನ ಮೊದಲು ಬರೆದಿದ್ದು.

ನಮ್ಮೂರಲ್ಲಿ ಇಂಥ ಬೊಡ್ಡೆ ಎಷ್ಟಿವೆ ಅಂತ ಒಂದಿನ ಬೈಕಲ್ಲಿ ಹೋಗಿ ಎಣಿಸ್ದೆ. ಕೆರೆ ಹಿಂದಿನ ತೋಟ ಸಾಲಲ್ಲೇ ಹದಿನಾಲ್ಕು. ಕೆಲವು ಗಡಿ ಗುರುತು, ಕೆಲವು ದನ ಕಟ್ಟೋ ಗೂಟ, ಒಂದರ ಮೇಲೆ ಸ್ಟಾರ್ಟರ್ ಡಬ್ಬ ಕೂರಿಸಿದಾರೆ. ಹೆಚ್ಚಿನವು ಸುಮ್ನೆ, ಜೆಸಿಬಿ ಬಾಡಿಗೆ ಯಾರು ಕೊಡೋದು ಅಂತ. ಅದೇ ಜನ ವರ್ಷ ವರ್ಷ ಟ್ರೈಕೋಡರ್ಮಾ ಪ್ಯಾಕೆಟ್‌ಗೆ ಖರ್ಚು ಮಾಡ್ತಾರೆ. ಪ್ಯಾಕೆಟ್ ತರೋದು ಸುಲಭ, ಯಾರನ್ನೂ ಕೇಳ್ಬೇಕಾಗಿಲ್ಲ. ಬೊಡ್ಡೆ ಕೀಳೋಕೆ ಪಕ್ಕದವರ ಜೊತೆ ಮಾತಾಡ್ಬೇಕು.

ಜೀವಾಮೃತ ಮಾಡೋ ಸ್ನೇಹಿತರು, ಮಣ್ಣು ಅಗೀಬಾರದು, ಜೀವಾಣು ತಾನಾಗಿ ಸರಿ ಮಾಡುತ್ತೆ ಅಂತಾರೆ. ನಾನೂ ಜೀವಾಮೃತ ಹಾಕ್ತೀನಿ, ಗರಿ ಸುಡಲ್ಲ, ಎಲ್ಲಾ ಹೊದಿಕೆನೇ. ಆದ್ರೆ ಗ್ಯಾನೋಡರ್ಮ ತುಂಬಿದ ಬೊಡ್ಡೆನ ಹೊದಿಕೆ ಅನ್ನೋಕಾಗಲ್ಲ. ಅದು ರೋಗದ ಕಣಜ. ಒಂದು ಕಡೆ ಮಂಕರಿಲಿ ಟ್ರೈಕೋಡರ್ಮಾ, ಇನ್ನೊಂದು ಕಡೆ ಕ್ವಿಂಟಾಲ್‌ಗಟ್ಟಲೆ ಕೊಳೆತ ಮರ ತಿಂದು ಬಲಿತಿರೋ ಶತ್ರು. ಯಾರು ಗೆಲ್ತಾರೆ ಹೇಳಿ. ಇನ್ನು ರೋಗದ ಮರ ತೆಗೆಯೋಕೆ ಸರ್ಕಾರದ ನೆರವು ಬರೋವರೆಗೆ ಕಾಯೋಣ ಅನ್ನೋರಿದ್ದಾರೆ. ತೆಂಗು ಅಭಿವೃದ್ಧಿ ಮಂಡಳಿ ಯೋಜನೆ ಬಂದಾಗ ಅರ್ಜಿ ಹಾಕಿ, ತಗೊಳ್ಳಿ, ಬೇಡ ಅನ್ನಲ್ಲ. ಬೇರು ಅರ್ಜಿ ನೋಡ್ಕೊಂಡು ನಿಲ್ಲಲ್ಲ.

ಅಣ್ಣನ ಹತ್ರ ಕೊನೆಗೆ ಒಂದು ಒಪ್ಪಂದ ಆಗಿದೆ. ಮೋಜಣಿದಾರರನ್ನ ಕರೆಸಿ ಬೊಡ್ಡೆ ಇರೋ ಜಾಗ ಅಳೆದು, ಅದು ಇದ್ದ ಕಡೆನೇ ಕಲ್ಲು ನೆಡೋದು. ಹದ್ದುಬಸ್ತಿಗೆ ಅರ್ಜಿ ಇಬ್ಬರ ಹೆಸರಲ್ಲೂ ಕೊಟ್ಟಿದೀವಿ. ಕಲ್ಲು ನಂದು, ಜೆಸಿಬಿ ಬಾಡಿಗೆ ಅರ್ಧ ಅರ್ಧ, ಕಲ್ಲು ನೆಡೋವಾಗ ಊರ ಹಿರಿಯರು ಇಬ್ಬರು ಇರ್ಬೇಕು ಅನ್ನೋದು ಅಣ್ಣನ ಷರತ್ತು. ಮಳೆ ಶುರುವಾದ್ರೆ ಜೆಸಿಬಿ ತೋಟದೊಳಗೆ ಇಳಿಯಲ್ಲ, ಅಷ್ಟರೊಳಗೆ ಅಳತೆಗೆ ಬಂದ್ರೆ ಸಾಕು ಅಂತ ಕಾಯ್ತಾ ಇದೀವಿ.

ಕೆರೆ ಹಿಂದಿನ ಸಾಲಿನೋರು ಯಾರಾದ್ರೂ ಇದೇ ಹೊತ್ತಿಗೆ ಕೀಳಿಸೋರಿದ್ರೆ ಹೇಳಿ, ಒಂದೇ ಜೆಸಿಬಿ ಕರೆಸಿದ್ರೆ ಎಲ್ಲರಿಗೂ ಬಾಡಿಗೆ ಉಳಿಯುತ್ತೆ. ಟ್ರೈಕೋಡರ್ಮಾ ಗೊಬ್ಬರಕ್ಕೆ ನಾನು ಈ ವಾರ ಗುಡ್ಡೆ ಹಾಕ್ತಾ ಇದೀನಿ. ಹೆಪ್ಪಿಗೆ ಬೇಕಾದೋರು ಹದಿನೈದು ದಿನ ಬಿಟ್ಟು ಬಂದು ಒಂದು ಮಂಕರಿ ತಗೊಂಡು ಹೋಗಿ, ಬರೋವಾಗ ಖಾಲಿ ಗೋಣಿ ಚೀಲ ತನ್ನಿ.